ಟಿವಿಯಲ್ಲಿ ಕಂಡ ಹಳದಿ ಟವೆಲ್

ಟಿವಿಯಲ್ಲಿ ಮೂವರು ಹೆಂಗಸರ ಕಣ್ಣುಗಳಷ್ಟೇ ಕಾಣುತ್ತಿದ್ದವು. ಉಳಿದ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದರು. ‘ಹೊರರಾಜ್ಯದಿಂದ ಬಂದಿರುವ ಇವರು ಯಾರು? ಮುಖ ಮುಚ್ಚಿಕೊಂಡಿರುವುದೇಕೆ?’ ಎಂದು ನಿರೂಪಕ ಗಂಟಲು ಹರಿಯುವಂತೆ ಕೇಳುತ್ತಿದ್ದ. ನಮ್ಮ ಮನೆಗೆ ಸುದ್ದಿ ನೋಡಲು ಬಂದಿದ್ದ ಪಕ್ಕದ ಮನೆಯ ಗಿರಿಜಕ್ಕ, ‘ಇಂಥೋರನ್ನ ಊರೊಳಗೆ ಬಿಟ್ಕೊಂಡಿದ್ದೇ ತಪ್ಪು ನೋಡ್ರಿ’ ಎಂದರು.

ನನ್ನ ಕಣ್ಣು ಮಾತ್ರ ನಡುವಿನವಳ ಹಳದಿ ಟವೆಲ್ ಮೇಲಿತ್ತು. ಅದರ ಅಂಚಿನಲ್ಲಿದ್ದ ಸುಟ್ಟ ತೂತು ನನ್ನ ಇಸ್ತ್ರಿ ಪೆಟ್ಟಿಗೆಯದು. ಹೋದ ವಾರ ನ್ಯಾಮತಿ ರಸ್ತೆ ಪಕ್ಕದ ನಮ್ಮದೇ ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ ಹಾಕಿಸಿದ್ದೆವು. ಆ ದೂಳು ಮೂಗಿಗೆ ಹೋದರೆ ರಾತ್ರಿಯೆಲ್ಲ ಕೆಮ್ಮು. ಅದಕ್ಕೇ ನಾನು ಮತ್ತು ನನ್ನ ನಾದಿನಿಯರು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದೆವು. ರಸ್ತೆಯಲ್ಲಿ ಕಾರು ನಿಲ್ಲಿಸಿ ಕ್ಯಾಮೆರಾ ಹಿಡಿದವನು ನಮ್ಮನ್ನು ಒಂದು ಮಾತೂ ಕೇಳದೆ ಹೋಗಿದ್ದ.

‘ಗಿರಿಜಕ್ಕ, ಅದು ನಾನೇ. ಆ ಟವೆಲ್ ಹೊರಗೆ ತಂತಿ ಮ್ಯಾಲೆ ಐತೆ, ನೋಡ್ರಿ’ ಎಂದೆ.

ಅವರು ಬಾಗಿಲಾಚೆಯ ತಂತಿ ನೋಡಿದರು, ಟಿವಿ ನೋಡಿದರು, ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಏನೂ ಇಲ್ದೆ ಟಿವಿಯೋರು ತೋರಸ್ತಾರೇನ್ರಿ?’ ಎಂದವರು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋದರು.

ಅಂದಿನಿಂದ ಟಿವಿಯವರು ಯಾರನ್ನೇ ಹೊರಗಿನವರೆಂದು ತೋರಿಸಲಿ, ಅವರು ಯಾವ ಕಣದಲ್ಲಿ ಕೆಲಸ ಮಾಡುತ್ತಿದ್ದರೋ ಎಂದೇ ನನಗನಿಸುತ್ತದೆ. ಗಿರಿಜಕ್ಕ ಈಗಲೂ ನಮ್ಮ ಮನೆ ಮುಂದೆಯೇ ಓಡಾಡುತ್ತಾರೆ. ಆದರೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ತಂತಿಯನ್ನು.