ಅಕ್ಕನ ಕಣ್ಣೂ ಲ್ಯಾಪ್‌ಟಾಪಿನ ಸೆನ್ಸರೂ

ಮೊಳಕಾಲ್ಮೂರಿನ ಒಂದು ರೇಷ್ಮೆ ಮಗ್ಗದ ಮನೆಗೆ ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಡುವುದು ನನ್ನ ಕೆಲಸ. ಬಣ್ಣ ಆರಿಸುವುದು ಮಾತ್ರ ಅಲ್ಲಿನ ಹಿರಿಯ ನೇಕಾರ್ತಿಯ ಪಾಲಿನದು. ಚಿಕ್ಕಂದಿನಿಂದ ನೂಲು ಮುಟ್ಟಿದ ಕೈ ಅವರದು. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ.

ಹೋದ ವರ್ಷ ಹೊಸ ಲ್ಯಾಪ್‌ಟಾಪ್ ತಂದೆ. ಅದೇ ವಾರ ನಮ್ಮಿಬ್ಬರ ಜಗಳ ಶುರುವಾಯಿತು. ಬೆಳಿಗ್ಗೆ ಒಳಕೋಣೆಯಲ್ಲಿ ಕೂತು ಅಕ್ಕ ಪರದೆಯ ಮೇಲಿನ ಒಂದು ಬದನೆ ಬಣ್ಣ ಒಪ್ಪಿದರು. ಮಧ್ಯಾಹ್ನ ಜಗಲಿಯಲ್ಲಿ ತೋರಿಸಿದರೆ ತಲೆ ಅಲ್ಲಾಡಿಸಿದರು.

"ಇದು ಆ ಬಣ್ಣ ಅಲ್ಲ ಕಣೆ. ಬೆಳ್ಳಗಾಗೈತೆ."

"ಅದೇ ಐತ್ರಿ ಅಕ್ಕ. ನಾನು ಮುಟ್ಟೇ ಇಲ್ಲ."

ಮೂರು ದಿನ ಇದೇ ಪಾಡು. ನಾಲ್ಕನೆಯ ದಿನ ನೂಲನ್ನು ಬಣ್ಣಕ್ಕೆ ಅದ್ದುವವರು ಬಂದು ಕಾಯುತ್ತಿದ್ದಾಗಲೂ ಅಕ್ಕ ಬೇಡ ಅಂದರು. ನನಗೆ ರೇಗಿಹೋಯಿತು. ಎಲ್ಲರ ಮುಂದೆ ಅಂದುಬಿಟ್ಟೆ: "ನಿಮ್ಮ ಕಣ್ಣಿಗೆ ಪೊರೆ ಬಂದೈತೆ. ಮೊದ್ಲು ಹೋಗಿ ತೋರಿಸ್ಕೊಳ್ರಿ."

ಮಗ್ಗಗಳ ಸದ್ದು ನಿಂತಿತು. ಅಕ್ಕ ಚಪ್ಪಲಿ ಮೆಟ್ಟಿ ಹೊರಟುಹೋದರು.

ವಾರವಾದ ಮೇಲೆ ಬಂದು ಚಳ್ಳಕೆರೆಯ ಕಣ್ಣಿನ ಡಾಕ್ಟರ ಚೀಟಿಯನ್ನು ನನ್ನ ಮುಂದೆ ಇಟ್ಟರು.

"ಪೊರೆ ಇಲ್ವಂತೆ. ದೋಷ ಎಲ್ಲೈತೆ ನೀನೇ ಹುಡುಕು."

ಮರುದಿನ ಬಸ್ಸು ಹತ್ತಿ ಚಳ್ಳಕೆರೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಸಾಬರು ಎಲ್ಲ ಕೇಳಿಸಿಕೊಂಡು, ಕ್ಯಾಮೆರಾದ ಪಕ್ಕದ ಸಣ್ಣ ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟರು. ಪರದೆ ಮಂಕಾಯಿತು. ಬೆರಳು ತೆಗೆದರು. ಮೆಲ್ಲಗೆ ಬೆಳಗಿತು.

"ಖರಾಬ್ ಏನೂ ಆಗಿಲ್ಲ ಮೇಡಂ. ಇದು ಸೆನ್ಸರ್. ಸುತ್ತ ಬೆಳಕು ಜಾಸ್ತಿ ಇದ್ರೆ ಪರದೆ ಬೆಳಕು ಏರಿಸ್ತದೆ, ಕಮ್ಮಿ ಇದ್ರೆ ಇಳಿಸ್ತದೆ."

"ಹಂಗ್ ಮಾಡು ಅಂತ ಅದಕ್ಕೆ ಯಾರ್ ಹೇಳಿದ್ರು?"

"ಕಂಪನೀಲೇ ಆನ್ ಮಾಡಿ ಕಳಿಸ್ತಾರೆ. ಕಣ್ಣಿಗೆ ಆರಾಮ್ ಇರ್ಲಿ ಅಂತ."

ಮೈಯೆಲ್ಲ ಉರಿಯಿತು. ಕಣ್ಣಿಗೆ ಆರಾಮಂತೆ! ಬಣ್ಣವನ್ನೇ ನಂಬಿ ಬದುಕುವವರಿಗೆ ಒಂದು ಮಾತು ಹೇಳದೆ ಪರದೆಯನ್ನು ಏರಿಸಿ ಇಳಿಸಲು ಇವರಿಗೇನು ಹಕ್ಕು? ಅಲ್ಲೇ ನಿಂತು ಅದನ್ನು ಆಫ್ ಮಾಡಿಸಿದೆ. ಬಸ್ಸಿನಲ್ಲಿ ಬರುವಾಗ ಕಂಪನಿಯವರನ್ನು ಎಷ್ಟು ಬೈದುಕೊಂಡರೂ, ಪೊರೆಯ ಮಾತು ಆಡಿದ ನಾಲಿಗೆ ನನ್ನದೇ ಎಂಬುದನ್ನು ಮರೆಯಲಾಗಲಿಲ್ಲ.

ಅಕ್ಕನಿಗೆ ಒಬ್ಬರಿಗೇ ಹೇಳಲು ಹೋದೆ. ಅವರು ತಡೆದರು.

"ಎಲ್ಲಾರ ಮುಂದೆ ಅಂದಿದ್ಯಲ್ಲ, ಎಲ್ಲಾರ ಮುಂದೇನೇ ಹೇಳು."

ಮಗ್ಗ ನಿಲ್ಲಿಸಿ ಹೇಳಿದೆ. ಸೆನ್ಸರನ್ನು ಮತ್ತೆ ಆನ್ ಮಾಡಿ, ಅದರ ಮೇಲೆ ಬೆರಳಿಟ್ಟು ತೋರಿಸಿದೆ. ತಪ್ಪಾಯಿತು ಅಂದೆ. ಅಕ್ಕ ಹೂಂ ಅಂದು ನೂಲಿಗೆ ಕೈ ಹಾಕಿದರು.

ಈಗ ನಾವು ಮೊದಲಿನಂತೆಯೇ ಮಾತಾಡುತ್ತೇವೆ. ಆದರೆ ಒಂದು ಬಣ್ಣ ಒಪ್ಪುವ ಮುಂಚೆ ಅಕ್ಕ ಪಕ್ಕದ ಮಗ್ಗದವಳನ್ನು ಕರೆದು, "ನಿನಗೂ ಹಿಂಗೇ ಕಾಣ್ತೈತಾ?" ಅಂತ ಕೇಳುತ್ತಾರೆ. ಹಿಂದೆ ಯಾರನ್ನೂ ಹಾಗೆ ಕೇಳಿದವರಲ್ಲ. ಅದನ್ನು ಕೇಳಿದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.