ಮಿಲ್ಲು ಬಿಡುವ ಸೈರನ್

ಜೋರಮ್ಮನಿಗೆ ಆ ಹೆಸರು ಬಂದದ್ದು ಅವಳ ಗಂಟಲಿನಿಂದ. ಹರೆಯವೆಲ್ಲ ಬಟ್ಟೆ ಮಿಲ್ಲಿನ ಮಗ್ಗಗಳ ಸದ್ದಿನ ನಡುವೆ ಕಳೆದು ಅವಳ ಕಿವಿ ಅರ್ಧ ಮಂದವಾಗಿತ್ತು. ಆ ಸದ್ದಿನಲ್ಲಿ ಕೂಗಿದರೂ ಕೇಳದೆಂದು ನೇಯುವವರು ಬರೀ ತುಟಿ ಆಡಿಸಿ ಮಾತಾಡಿಕೊಳ್ಳುತ್ತಿದ್ದರು. ಹೊರಗೆ ಬಂದರೆ ಮಾತ್ರ ಎಲ್ಲರ ಗಂಟಲೂ ಬೀದಿಯ ಆ ತುದಿಗೆ ಮುಟ್ಟುತ್ತಿತ್ತು. ಈಗ ಮಿಲ್ಲಿಲ್ಲ, ಆ ಗಂಟಲಿಗೆ ಉಳಿದಿರುವ ಕೆಲಸವೆಂದರೆ ಗಂಡನನ್ನು ಕರೆಯುವುದು.

ಗಂಡ ಅದೇ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಫಿಟ್ಟರ್. ಈಚೆಗೆ ಮರೆವು ಹಿಡಿದು, ಉಂಡು ಕೈ ತೊಳೆದ ಮೇಲೆ ಊಟಕ್ಕೇನಿದೆ ಎಂದು ಕೇಳುತ್ತಿದ್ದ. ಅದನ್ನೆಲ್ಲ ಅವಳು ಹೇಗೋ ನಿಭಾಯಿಸುತ್ತಿದ್ದಳು. ಅಷ್ಟರಲ್ಲಿ ಸತ್ತ ಮಿಲ್ಲಿಗೆ ಜೀವ ಬಂತು.

ಎಷ್ಟೋ ವರ್ಷ ಅದು ಹಾಳು ಬಿದ್ದಿತ್ತು. ಚಿಮಣಿಯಲ್ಲಿ ಗಿಡ ಬೆಳೆದಿತ್ತು, ಕಿಟಕಿಯ ಗಾಜು ಹೋಗಿತ್ತು, ಎದುರಿನ ಅಂಗಡಿಗಳೆಲ್ಲ ಒಂದೊಂದಾಗಿ ಶಟರ್ ಎಳೆದಿದ್ದವು. ಯಾರೋ ಅದನ್ನು ಕೊಂಡು, ಇಟ್ಟಿಗೆ ತಿಕ್ಕಿ ತೊಳೆದು, ಬಣ್ಣದ ದೀಪ ಹಾಕಿದರು. ನೂಲು ತೆಗೆಯುತ್ತಿದ್ದ ವಿಭಾಗದಲ್ಲಿ ಕೇಕ್ ಅಂಗಡಿ ಬಂತು. ಬಟ್ಟೆ ಬೇಲು ಹೊತ್ತು ಜನ ಬೆನ್ನು ಮುರಿದುಕೊಂಡ ಗೋದಾಮು ಈಗ ಜಿಮ್, ಅಲ್ಲಿ ದುಡ್ಡು ಕೊಟ್ಟು ಭಾರ ಎತ್ತುತ್ತಾರೆ! ಜೋರಮ್ಮನ ಮಗ್ಗದ ಸುತ್ತ ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬೋರ್ಡು ತೂಗುಹಾಕಿದ್ದರು. ಹಾಳಾಗಿ ಹೋಗಲಿ, ಬೀದಿಗೆ ಬೆಳಕಾದರೂ ಬಂತಲ್ಲ ಎಂದುಕೊಂಡಳು. ಆದರೆ ಆ ಪುಣ್ಯಾತ್ಮರು ಹಳೆಯ ಸೈರನ್ನನ್ನೂ ರಿಪೇರಿ ಮಾಡಿಸಿ, ಬೆಳಿಗ್ಗೆ ಅಂಗಡಿ ತೆರೆಯುವಾಗ ಊದಿಸತೊಡಗಿದರು.

ಸೈರನ್ ಕೇಳಿದ್ದೇ ತಡ, ಫಿಟ್ಟರ್ ಅಂಗಿ ತೊಟ್ಟು ಹೊರಟೇಬಿಡುತ್ತಿದ್ದ. ಹೋಗಿ ಮಗ್ಗದ ಹಗ್ಗದ ಪಕ್ಕ ನಿಲ್ಲುತ್ತಿದ್ದ. ಕರೆಯಲು ಹೋದರೆ ಒಂದೇ ಮಾತು: "ಇನ್ನೂ ಮಿಲ್ಲು ಬಿಟ್ಟಿಲ್ಲ ಕಣೇ. ಸೈರನ್ ಆಗದೆ ಹ್ಯಾಗೆ ಬರ್ಲಿ?"

ಬೇಡಿದಳು, ಬೈದಳು, ಗೋಡೆಗೆ ಹೇಳಿದ ಹಾಗಾಯಿತು. ಮನೆಯಲ್ಲಿ ಕೂಡಿಹಾಕಿದರೆ ಕೈ ಊದುವ ತನಕ ಬಾಗಿಲು ಬಡಿದ. ಕತ್ತಲಾದ ಮೇಲೆ ಕಾವಲಿನವರು ರಟ್ಟೆ ಹಿಡಿದು ಹೊರಗೆ ಕಳಿಸಬೇಕಿತ್ತು. ಹಾಗೆ ಕಳಿಸುವಾಗ ಒಂದು ದಿನ ಕೊಸರಿಕೊಂಡು ಅಗಲ ಮಾಡಿದ ಹೊಸ ರಸ್ತೆಗೆ ನುಗ್ಗಿದ. ಕಾರೊಂದು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಇನ್ನೊಂದು ಸಲ ನಿಲ್ಲುತ್ತದೆಂಬ ಧೈರ್ಯ ಜೋರಮ್ಮನಿಗಿರಲಿಲ್ಲ. ಸೀದಾ ಆಫೀಸಿಗೆ ಹೋದಳು.

ಮ್ಯಾನೇಜರ್ ಹುಡುಗಿ ನಗುನಗುತ್ತಲೇ ಕೂರಿಸಿದಳು. "ಸೈರನ್ ಅಂದ್ರೆ ಜನಕ್ಕೆ ತುಂಬಾ ಇಷ್ಟ ಆಂಟಿ, ನಿಲ್ಸಕ್ಕಾಗಲ್ಲ."

"ನಿಲ್ಸು ಅಂತ ಯಾರಮ್ಮ ಕೇಳಿದ್ರು? ಬೆಳಿಗ್ಗೆ ಊದಿ ಕರೀತೀರಿ, ಸಂಜೆ ಬಿಡೋ ಸೈರನ್ ಊದೋದೇ ಇಲ್ವಲ್ಲ! ನಮ್ಮ ಮಾಲೀಕ ಎಂಥಾ ಕಟುಕ ಆಗಿದ್ರೂ ಸಂಜೆ ಮನೆಗೆ ಬಿಡ್ತಿದ್ದ!"

ಕೇಕ್ ಅಂಗಡಿಯವರೂ ತಿರುಗಿ ನೋಡಿದರು. ಮೇಲಿನವರನ್ನು ಕೇಳಬೇಕೆಂದು ಹುಡುಗಿ ಸಾಗಹಾಕಿದಳು. ಮೇಲಿನವರು ಎಷ್ಟು ಮೇಲಿದ್ದರೋ, ಉತ್ತರ ಕೆಳಗಿಳಿಯಲೇ ಇಲ್ಲ. ಜೋರಮ್ಮ ದಿನಾ ಹೋಗಿ ಅದೇ ಗಂಟಲಲ್ಲಿ ಅದನ್ನೇ ಕೇಳಿದಳು. ಕೊನೆಗೆ ಹುಡುಗಿ ಎರಡೂ ಕೈ ಎತ್ತಿ, "ಆಯ್ತು ಆಂಟಿ, ಇವತ್ತು ಊದಿಸ್ತೀನಿ. ದಯವಿಟ್ಟು ಮೆಲ್ಲಗೆ ಮಾತಾಡಿ!" ಎಂದಳು.

ಅಂದು ಸಂಜೆ ಸೈರನ್ ಆಯಿತು. ಜೋರಮ್ಮ ಗೇಟಿನ ಬಳಿ ಕಾದಿದ್ದಳು. ಫಿಟ್ಟರ್ ಕೈ ಒರೆಸಿಕೊಳ್ಳುತ್ತ, ಯಾರೂ ಹಿಡಿದು ಎಳೆಯದೆ, ತಾನಾಗಿಯೇ ಹೊರಗೆ ಬಂದ. ಅವಳ ಮುಂದೆ ಅಂಗೈ ಚಾಚಿ ನಿಂತ.

"ಮನೆ ಬೀಗದ ಕೈ ಕೊಡು. ನಡಿ ಒಳಗೆ, ನಿನ್ನ ಪಾಳಿ ಶುರುವಾಯ್ತು."

ಅಯ್ಯೋ ದೇವರೇ! ಅದು ಅವಳ ನೆನಪಿಗೇ ಬಂದಿರಲಿಲ್ಲ. ಆಗೆಲ್ಲ ಅವನ ಹಗಲು ಪಾಳಿ ಮುಗಿಸುವ ಸೈರನ್ನೇ ಅವಳ ರಾತ್ರಿ ಪಾಳಿಗೆ ಕರೆಯುವ ಸೈರನ್. ಸಂಸಾರವೆಂದರೆ ಈ ಗೇಟಿನಲ್ಲಿ ಬೀಗದ ಕೈ ದಾಟಿಸುವ ಒಂದು ಗಳಿಗೆ, ಅಷ್ಟೇ ಆಗಿತ್ತು ಅವರಿಗೆ. ಒಂದು ಪೀಡೆ ಕಳೆಯಿತೆಂದರೆ ಇನ್ನೊಂದು ವಕ್ಕರಿಸಿತೇ? ಪಿತ್ತ ನೆತ್ತಿಗೇರಿತು. ಮಿಲ್ಲೂ ಇಲ್ಲ, ಪಾಳಿಯೂ ಇಲ್ಲ, ಎಲ್ಲ ಮುಗಿದು ಯಾವ ಕಾಲವಾಯಿತು ಎಂದು ಅರಚಲು ಬಾಯಿ ತೆರೆದಳು. ಅವನ ಮುಖ ನೋಡಿದಳು. ಬರೀ ತುಟಿ ಆಡಿಸಿದಳು, ಆಗ ಮಗ್ಗದ ಮುಂದೆ ಆಡಿಸುತ್ತಿದ್ದ ಹಾಗೆ: ನನಗೆ ರಜೆ.

"ರಜೇನಾ? ನಿನಗಾ?" ಫಿಟ್ಟರ್‌ನ ಕಣ್ಣು ಅರಳಿತು. "ಹಾಗಾದ್ರೆ ಇಬ್ರೂ ಒಟ್ಟಿಗೇ ಮನೆಗೆ ಹೋಗ್ಬಹುದು!"

ಆ ಗೇಟಿನಿಂದ ಅವರು ಒಮ್ಮೆಯೂ ಒಟ್ಟಿಗೆ ಮನೆಗೆ ಹೋಗಿರಲಿಲ್ಲ. ಅವಳ ಕೈ ಹಿಡಿದುಕೊಂಡು, ಎಡಕ್ಕೂ ಬಲಕ್ಕೂ ನೋಡಿ, ಕಾರುಗಳು ಹೋಗುವ ತನಕ ಕಾದು, ಅವನೇ ರಸ್ತೆ ದಾಟಿಸಿದ.

"ಇವತ್ತೇನೋ ಆಯ್ತು," ಜೋರಮ್ಮ ಮೂಗು ಒರೆಸಿಕೊಂಡು ಗೊಣಗಿದಳು. "ನಾಳೆ ಏನು ಮಾಡ್ಲಿ ನಿಮ್ಮನ್ನ ಕಟ್ಕೊಂಡು?"

"ನಾಳೆಗೂ ರಜೆ ಕೇಳಿ ನೋಡೇ," ಎಂದ ಫಿಟ್ಟರ್. "ಕೊಟ್ರೂ ಕೊಟ್ಟಾರು."