ಮಕ್ಕಳಿಗೆ ಪ್ರವೇಶವಿಲ್ಲದ ಕೊಳ

ಬೆಳಗಿನ ಐದೂವರೆಗೆ ನಾನು ಮೊದಲು ಒರೆಸುವುದು ಒಂದು ಹಲಗೆಯನ್ನು. ಹಂಪಿಯ ಪಕ್ಕದ ಕಡ್ಡಿರಾಂಪುರ ದಾಟಿ ರಸ್ತೆಯಿಂದ ಒಳಕ್ಕೆ ಹೋದರೆ, ಬಾಳೆ ತೋಟಕ್ಕೂ ಬಂಡೆಗುಡ್ಡಕ್ಕೂ ನಡುವೆ ಒಂದು ರೆಸಾರ್ಟು ಇದೆ. ಅಲ್ಲಿ ನಾನು ಕಸ ಹೊಡೆಯುವವಳು. ಅದರ ಹಿಂಭಾಗದಲ್ಲಿ ಈ ಹಲಗೆ ನೆಟ್ಟಿದ್ದಾರೆ: 'ಪ್ರಶಾಂತ ವಲಯ. ಮಕ್ಕಳಿಗೆ ಪ್ರವೇಶವಿಲ್ಲ. ಸದ್ದು ಮಾಡಬೇಡಿ.' ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಒತ್ತಕ್ಷರ ಎದುರಾದರೆ ಏರು ಹತ್ತುವವಳ ಹಾಗೆ ಈಗಲೂ ನಿಂತು ದಮ್ಮು ತೆಗೆದುಕೊಳ್ಳುತ್ತೇನೆ. ಆ 'ಪ್ರಶಾಂತ'ವನ್ನು ಪೂರ್ತಿ ಓದಲು ಎರಡು ದಿನ ಹಿಡಿಯಿತು. ಓದಿದ ಮೇಲೆ ಒಂದು ಸಣ್ಣ ಸಂಶಯ ಬಂತು. ಯಾರನ್ನು ಬರಬೇಡ ಎನ್ನುತ್ತದೋ ಆ ಚಿಕ್ಕವಕ್ಕೆ ಓದಲು ಬರುವುದಿಲ್ಲ. ಓದಲು ಬರುವ ದೊಡ್ಡವರು ಇದನ್ನು ಓದುವುದಿಲ್ಲ. ದಿನಾ ಇದರ ಹತ್ತಿರ ಬರುವುದು ನಾನು ಮತ್ತು ಇದರ ಮೇಲೆ ಕೂತು ಹೊಲಸು ಮಾಡುವ ಕಾಗೆ, ಇಬ್ಬರೇ.

ಮುಂಭಾಗದಲ್ಲಿ ಮಕ್ಕಳ ಕೊಳ, ಜಾರುಬಂಡೆ, ಕಿರುಚಾಟ, ಚೆಲ್ಲಿದ ಜೂಸು, ಕಾಣೆಯಾದ ಒಂಟಿ ಚಪ್ಪಲಿ. ಹಿಂಭಾಗದಲ್ಲಿ ದೊಡ್ಡವರ ಕೊಳ. ದುಡ್ಡು ಕೊಟ್ಟು ಊರು ಬಿಟ್ಟು ಬಂದವರು ಇನ್ನೊಬ್ಬರ ಮಕ್ಕಳ ಅಳು ಯಾಕೆ ಕೇಳಬೇಕು ಎಂಬುದು ಮ್ಯಾನೇಜರರ ವಾದ. ಸಂಸಾರಸಮೇತ ಬನ್ನಿ ಎಂದು ಕರೆದು, ಬಂದ ಮೇಲೆ ಸಂಸಾರವನ್ನು ಸೀಳಿ ಎರಡು ಕಡೆ ಕೂರಿಸುವುದು ಎಂಥ ಉಪಚಾರ ಎಂಬುದು ನನ್ನದು. ನಾನು ಸಂಡೂರಿನ ಕಡೆಯ ಬಂಡ್ರಿಯಲ್ಲಿ ಹುಟ್ಟಿದವಳು. ಒಂದೇ ಚಾಪೆಯ ಮೇಲೆ ಆರು ಮಕ್ಕಳು ಅಡ್ಡಡ್ಡ ಮಲಗಿರುತ್ತಿದ್ದೆವು. ನಮ್ಮವ್ವನಿಗೆ ಏಕಾಂತ ಸಿಗುತ್ತಿದ್ದುದು ಚೊಂಬು ಹಿಡಿದು ಬಯಲಿಗೆ ಹೋದಾಗ ಮಾತ್ರ, ಅಲ್ಲಿಗೂ ನಮ್ಮಲ್ಲೊಬ್ಬರು ಸೆರಗು ಹಿಡಿದು ಬೆನ್ನು ಹತ್ತುತ್ತಿದ್ದರು. ಹಂಪಿಯ ಅರಸರಿಗೂ ರಾಣಿಯರ ಸ್ನಾನಕ್ಕೆ ಬೇರೆ ಜಾಗ ಬೇಕಿತ್ತಂತೆ, ಗೈಡುಗಳು ಹೇಳುತ್ತಾರೆ. ಈಗ ಅಲ್ಲಿ ನೀರಿಲ್ಲ, ರಾಣಿಯರಿಲ್ಲ. ಪ್ರವಾಸದ ಬಸ್ಸಿನಿಂದ ಇಳಿದ ಶಾಲೆಯ ಹುಡುಗರು ಒಳಗೆ ನಿಂತು ಕೂಗಿ, ಗೋಡೆ ತಿರುಗಿ ಕೂಗುವುದನ್ನು ಕೇಳುತ್ತಾರೆ. ಕೊನೆಗೆ ಎಲ್ಲ ಏಕಾಂತದ ಜಾಗವೂ ಮಕ್ಕಳ ಕೈಗೇ ಬರುತ್ತದೆ ಎಂದು ನಾನು ನಗುತ್ತಿದ್ದೆ.

ಹಿಂದಿನ ಕೊಳದ ಹತ್ತಿರ ಹೋದರೆ ಮಾತ್ರ ನಗು ಬರುತ್ತಿರಲಿಲ್ಲ. ನೀವು ಅಲ್ಲಿಗೆ ಹೊತ್ತು ಮೂಡುವ ಮುಂಚೆ ಬಂದು ನೋಡಬೇಕು. ಉದ್ದುದ್ದ ಕುರ್ಚಿಗಳು ಬಿಳಿ ಟವೆಲು ಹೊದ್ದು, ಮುಖ ಮುಚ್ಚಿ ಮಲಗಿಸಿದವರ ಹಾಗೆ ಸಾಲಾಗಿರುತ್ತವೆ. ನೀರು ಅಲುಗುವುದಿಲ್ಲ. ಮಕ್ಕಳಿರುವ ಕಡೆ ಮಕ್ಕಳು ಮಲಗಿದ್ದಾಗಲೂ ಒಂದು ಗಲಾಟೆಯ ವಾಸನೆ ಉಳಿದಿರುತ್ತದೆ. ಇಲ್ಲಿ ಅದೂ ಇಲ್ಲ. ಈ ನಿಶ್ಶಬ್ದ ತೋಟದ ನಿಶ್ಶಬ್ದದಂತಲ್ಲ. ಯಾರೋ ಉಸಿರು ಬಿಗಿಹಿಡಿದು ನಾವು ಹೋಗುವುದನ್ನೇ ಕಾಯುತ್ತಿರುವಂಥದ್ದು.

ಚಳಿಗಾಲದ ಒಂದು ಬೆಳಿಗ್ಗೆ ಆ ಕೊಳದ ಸುತ್ತ ಹಾಸಿದ ಕಡಪಾ ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಕಂಡೆ. ನೀರಿನ ಅಂಚಿನಿಂದ ಹಿಂಗೋಡೆಯವರೆಗೆ, ಬರಿಗಾಲು, ಆರೇಳು ವರ್ಷದ ಮಗುವಿನ ಅಳತೆ. ಮುಂದಿನ ಕಡೆಯ ಯಾವುದೋ ತುಂಟ ಮಗು ನುಗ್ಗಿದೆ ಎಂದು ಬೈದುಕೊಂಡು ಒರೆಸಿದೆ. ಮರುದಿನವೂ ಇತ್ತು. ಆಮೇಲೆ ಮುಂದಿನ ಕಡೆ ಒಂದು ಮಗುವೂ ಇಲ್ಲದ ದಿನವೂ ಹೆಜ್ಜೆ ಇತ್ತು. ಅಂದು ಬಗ್ಗಿ ನೋಡಿದೆ. ಏನೋ ತಪ್ಪಾಗಿತ್ತು. ಎಡಗಾಲು ಇರಬೇಕಾದ ಕಡೆ ಬಲಗಾಲಿನಂಥದ್ದು, ಬಲದ ಕಡೆ ಎಡದಂಥದ್ದು; ಪಾದ ಅದಲುಬದಲಾದ ಮಗುವೊಂದು ನೀರಿನಿಂದ ಎದ್ದು ನೆಟ್ಟಗೆ ನಡೆದು ಹೋದ ಹಾಗೆ. ನಾನು ಅಂಜುವವಳಲ್ಲ, ಆದರೂ ಅಂದು ನಡು ನೋವಿನ ನೆಪ ಹೇಳಿ ಬಿಸಿಲು ಏರಿದ ಮೇಲೆ ಕಸ ಹೊಡೆದೆ. ಟವೆಲು ಮಡಿಸುವ ಹುಲಿಗೆಮ್ಮ, ಅಲ್ಲೊಂದು ಕೂಸು ಐತಿ ಎಂದು ಹೇಳಿ ಅತ್ತ ಕಾಲಿಡುವುದನ್ನೇ ಬಿಟ್ಟಳು.

ಅದೇ ವಾರ ಬಳ್ಳಾರಿಯಿಂದ ಸವಿತಾ ಎಂಬಾಕೆ ಗಂಡನ ಜೊತೆ ಬಂದು ಹಿಂಭಾಗದ ಕೋಣೆ ಹಿಡಿದಳು. ಮೂವತ್ತೈದರ ಆಸುಪಾಸು. ಮುಂದಿನ ಕೊಳದ ಪಕ್ಕ ಹಾದು ಬರುವಾಗ ಎರಡೂ ಕಿವಿಗೆ ಕೈ ಇಟ್ಟುಕೊಂಡಿದ್ದಳು. ಮಕ್ಕಳ ಸದ್ದಿಗೆ ಇಷ್ಟು ಸೊಕ್ಕು ತೋರಿಸುವವಳು ಹೆತ್ತವಳಲ್ಲ ಎಂದು ನಾನು ಹುಲಿಗೆಮ್ಮನ ಮುಂದೆ ತೀರ್ಪು ಕೊಟ್ಟೆ. ನನ್ನ ತೀರ್ಪುಗಳು ಯಾವಾಗಲೂ ಜಲ್ದಿ ಹೊರಬೀಳುತ್ತವೆ, ಹಲ್ಲಿನ ಅಡ್ಡಿ ಇಲ್ಲದ ಬಾಯಿ. ಎರಡನೆಯ ಬೆಳಿಗ್ಗೆ ನಾನು ಹೆಜ್ಜೆಯ ಮೇಲೆ ಬಟ್ಟೆ ಇಟ್ಟಾಗ ಆಕೆ ಎಲ್ಲಿಂದಲೋ ಬಂದು ನನ್ನ ಮುಂಗೈ ಹಿಡಿದಳು. ಕೈ ಮಂಜಿನಂತೆ ತಣ್ಣಗಿತ್ತು.

"ಒರಸಬ್ಯಾಡ್ರಿ ಅಮ್ಮಾ. ನನ್ನ ಮಗ ಚಪ್ಪಲಿ ಹಿಂಗಽ ಉಲ್ಟಾ ಹಾಕ್ಕೊಂತಿದ್ದ."

ಮಗ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ, ಏಳು ವರ್ಷ. ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲಿ ಹೋದರೂ ಮಕ್ಕಳ ದನಿ ಬೆನ್ನು ಹತ್ತುತ್ತದೆ. ಒಂದು ವಾರ ಅದು ಕೇಳದ ಜಾಗ ಬೇಕು ಎಂದು ಗಂಡ ಈ ಹಲಗೆ ಇರುವ ಜಾಗ ಹುಡುಕಿದ್ದ. ಇದನ್ನು ಆತನೇ ನನಗೆ ಹೇಳಿದ, ನೆಲ ನೋಡುತ್ತಾ. ನನ್ನ ತೀರ್ಪನ್ನು ನಾನೇ ನುಂಗಿಕೊಂಡೆ, ಗಂಟಲಲ್ಲಿ ಗೀರಿಕೊಂಡೇ ಇಳಿಯಿತು. ಇಂಥವರಿಗೂ ಒಂದು ಮೂಲೆ ಬೇಕಲ್ಲ ಎಂದು ಹಲಗೆಯ ಬಗ್ಗೆ ಮೊದಲ ಸಲ ಅನ್ನಿಸಿತು.

ಅಂದಿನಿಂದ ಸವಿತಾ ಕೊಳದ ಅಂಚಿನಲ್ಲಿ ತಟ್ಟೆ ಇಡತೊಡಗಿದಳು. ಬಾಳೆಹಣ್ಣು, ಬೆಲ್ಲ, ಶೇಂಗಾದ ಉಂಡೆ. ಎಲ್ಲ ಆ ಹುಡುಗ ಇಷ್ಟಪಟ್ಟು ತಿನ್ನುತ್ತಿದ್ದುದು. ಬೆಳಿಗ್ಗೆಗೆ ತಟ್ಟೆ ನೆಕ್ಕಿದ ಹಾಗೆ ಖಾಲಿ, ಸುತ್ತ ಹೆಜ್ಜೆ. ಮೂರನೆಯ ದಿನ ಆಕೆ ನಾಷ್ಟಾ ಮಾಡಿದಳು. ನಾಲ್ಕನೆಯ ದಿನ ತಲೆ ಬಾಚಿಕೊಂಡಳು. ಗಂಡ ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿರುತ್ತಿದ್ದ. ನಮ್ಮಲ್ಲೂ ಸತ್ತವರಿಗೆ ಎಡೆ ಇಡುತ್ತೇವೆ, ದೂರ ಸರಿದು ನಿಂತು ಕಾಗೆಯನ್ನು ಕಾಯುತ್ತೇವೆ. ಕಾಗೆ ತಿಂದರೆ ಹಿರಿಯರು ಉಂಡರು ಎನ್ನುವ ಮಂದಿ ನಾವು. ಮಗ ಬಂದು ತಿಂದ ಎನ್ನುವವಳನ್ನು ನೋಡಿ ಯಾವ ಬಾಯಿಂದ ನಗಲಿ?

ಆ ದಿನ ಸಂಜೆ ಹಿಂಗೋಡೆಯ ಆಚೆ ಕಸ ಸುರಿಯಲು ಹೋದೆ. ಬಾಳೆಗೆ ಬಿಟ್ಟ ನೀರು ನಿಂತು ಕೆಸರಾಗಿತ್ತು, ಅದರಲ್ಲಿ ಅದೇ ಹೆಜ್ಜೆ. ಕಲ್ಲು ಹೇಳದ್ದನ್ನು ಕೆಸರು ಹೇಳಿತು: ಪ್ರತಿ ಬೆರಳಿನ ಮುಂದೆ, ಸ್ವಲ್ಪ ದೂರ ಬಿಟ್ಟು, ಒಂದೊಂದು ಉಗುರಿನ ಗೀರು. ಐವತ್ತು ವರ್ಷದ ಹಿಂದಿನ ಬಂಡ್ರಿ ಗುಡ್ಡ ಒಮ್ಮೆಲೇ ಕಣ್ಣ ಮುಂದೆ ಬಂತು. ನಡೆಯುವಾಗ ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ, ಅದು ಮನುಷ್ಯರ ಪಾದದಂತೆಯೇ ಇರುತ್ತದೆ, ಆದರೆ ಅದರ ಹೆಬ್ಬೆರಳು ಹೊರಗಡೆಗೆ, ಕಿರುಬೆರಳು ಒಳಗಡೆಗೆ. ಚಿಕ್ಕಂದಿನಲ್ಲಿ ಗೊತ್ತಿದ್ದ ಪಾಠ, ಅಕ್ಷರ ಬಂದ ಮೇಲೆ ಮರೆತಿದ್ದೆ. ಸೀತಾಫಲಕ್ಕೆ ಗುಡ್ಡ ಹತ್ತುವಾಗ ದೊಡ್ಡವರು ನಮ್ಮನ್ನು, ಅಂದರೆ ಮಕ್ಕಳನ್ನು, ಮುಂದೆ ಬಿಟ್ಟುಕೊಂಡು ನಡೆಯುತ್ತಿದ್ದರು. ಕಿರುಚಿರಿ, ತಟ್ಟೆ ಬಡಿಯಿರಿ, ಜಗಳಾಡಿರಿ ಎಂದು ಬೆನ್ನಿಗೆ ಗುದ್ದಿ ಹೇಳುತ್ತಿದ್ದರು. ದೂರದಿಂದ ಗದ್ದಲ ಕೇಳಿದರೆ ಕರಡಿ ತಾನಾಗಿ ದಾರಿ ಬಿಡುತ್ತದೆ. ಸುಮ್ಮನೆ ಹೋಗಿ ಎದುರಾದರೆ ಮುಖವನ್ನೇ ಕಿತ್ತುಹಾಕುತ್ತದೆ. ರೆಸಾರ್ಟಿನ ಈ ಮೂಲೆಗೆ ಯಾಕೆ ಬಂತೆಂದು ಆಗ ಅರ್ಥವಾಯಿತು. ಮಕ್ಕಳನ್ನು ಹೊರಗಿಟ್ಟು ಜಾಗ ಖಾಲಿ ಮಾಡಿದ್ದೆವು. ಖಾಲಿ ಜಾಗ ಖಾಲಿಯಾಗಿ ಉಳಿಯಲಿಲ್ಲ.

ಆಗಲೇ ಹೋಗಿ ಹೇಳಬೇಕಿತ್ತು. ಕೋಣೆಯವರೆಗೆ ಹೋದೆ ಕೂಡ. ಸವಿತಾ ಒಳಗೆ ಕೂತು ಸಣ್ಣ ದನಿಯಲ್ಲಿ ಏನೋ ಗುನುಗುತ್ತಾ ಶೇಂಗಾ ಸುಲಿಯುತ್ತಿದ್ದಳು. ಹುಟ್ಟಿದಾಗಿನಿಂದ ಯಾರ ಮುಖವನ್ನೂ ನೋಡದೆ ಬಾಯಿಗೆ ಬಂದದ್ದನ್ನು ಅಂದವಳು ನಾನು; ಜೀವನದಲ್ಲಿ ಒಂದೇ ಸಲ, ನಾಳೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡು ತಿರುಗಿ ಬಂದೆ. ಬಾಯಿ ಬಿಟ್ಟು ಮಾಡಿದ ಯಾವ ತಪ್ಪೂ ಅಷ್ಟು ದೊಡ್ಡದಿರಲಿಲ್ಲ.

ಮರುದಿನ ಬೆಳಿಗ್ಗೆ ಮಂಜಿನ ಕಾವಳ ಕವಿದಿತ್ತು. ಹಲಗೆಯ ಹತ್ತಿರ ಬಂದಾಗ ಒಂದು ಸದ್ದು ಕೇಳಿತು, ಬಿಸಿ ಚಹಾವನ್ನು ಬಶಿಗೆ ಬಗ್ಗಿಸಿ ಸುರ್ರೆಂದು ಹೀರಿದ ಹಾಗೆ. ಸವಿತಾ ಕೊಳದ ಅಂಚಿನಲ್ಲಿ ನೆಲಕ್ಕೆ ಕೂತಿದ್ದಳು. ಅಂದು ತಟ್ಟೆಯನ್ನು ಇಟ್ಟು ಹೋಗಿರಲಿಲ್ಲ, ಜೊತೆಗೇ ಕಾದಿದ್ದಳು. ನಾಲ್ಕು ಮಾರು ಆಚೆ, ಮೂಲೆಯಲ್ಲಿ, ಚಾಪೆಗಳನ್ನು ಒಟ್ಟಿದ ಹಾಗೆ ಕಪ್ಪಗೆ ಏನೋ ಇತ್ತು. ಅದು ಉಸಿರಾಡುತ್ತಿತ್ತು. "ಬಾ ಚಿನ್ನು, ಬಾ," ಎಂದು ಆಕೆ ಕೈ ಚಾಚಿದ್ದಳು.

ನಾನು ಕೊಳದ ಬದಿ ಹಿಡಿದು, ಹಿಂಗೋಡೆಯ ಕಡೆಗಿನ ದಾರಿ ತೆರವು ಬಿಟ್ಟು ನಿಂತು, ಕಸಬರಿಗೆಯ ಹಿಡಿಯಿಂದ ತಗಡಿನ ಬಕೆಟ್ಟು ಬಡಿಯತೊಡಗಿದೆ. ಬಂಡ್ರಿ ಗುಡ್ಡದಲ್ಲಿ ಆರು ಮಕ್ಕಳು ಕೂಗುತ್ತಿದ್ದುದನ್ನೆಲ್ಲ ಒಬ್ಬಳೇ ಕೂಗಿದೆ. ಆ ಕಪ್ಪು ರಾಶಿ ಎದ್ದು ನಿಂತಿತು, ಎರಡು ಕಾಲ ಮೇಲೆ, ಎದೆಯ ಮೇಲೊಂದು ಬಿಳಿ ಗೆರೆ. ನಿಂತಾಗ ಅದು ಯಾರೋ ಒಬ್ಬರ ಹಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ನಮ್ಮಿಬ್ಬರನ್ನೂ ನೋಡಿತು. ಆಮೇಲೆ ನಾಲ್ಕು ಕಾಲಿಗೆ ಬಿದ್ದು ಗೋಡೆ ಹಾರಿ ಬಾಳೆಯೊಳಗೆ ಹೋಯಿತು. ಕೋಣೆಗಳಲ್ಲಿ ದೀಪ ಹತ್ತಿದವು. ಪ್ರಶಾಂತತೆ ಎಲ್ಲಿ ಹೋಯಿತು ಎಂದು ಯಾರೋ ಒಳಗಿಂದಲೇ ರೇಗಿದರು.

"ಯಾಕ ಓಡಿಸಿದ್ರಿ?" ಎಂದಳು ಸವಿತಾ.

"ಅದು ಕರಡಿ ಐತವ್ವ. ನಿನ್ನ ಮಗ ಸತ್ತಾನ. ಸತ್ತವರು ಬಾಳಿಹಣ್ಣು ತಿನ್ನಾಕ ಬರಂಗಿಲ್ಲ."

ಇದಕ್ಕಿಂತ ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಆಕೆ ಅಳಲಿಲ್ಲ. ಹೆಜ್ಜೆ ತೋರಿಸಿ, ಮತ್ತೆ ಇದು ಯಾರದು, ಎಂದಳು. ಆಕೆಯ ಕಾಲನ್ನು ನಾನೇ ನೀರಲ್ಲಿ ಅದ್ದಿಸಿ, ಆ ಹೆಜ್ಜೆಯ ಪಕ್ಕದಲ್ಲಿ ಊರಿಸಿದೆ. ಆಕೆಯ ಹೆಬ್ಬೆರಳು ಒಳಗಡೆ, ಅದರದ್ದು ಹೊರಗಡೆ. ಎರಡನ್ನೂ ಆಕೆ ಬಹಳ ಹೊತ್ತು ನೋಡುತ್ತಿದ್ದಳು, ಮೊದಲು ಕರಡಿಯದ್ದು ಒಣಗಿತು, ಆಮೇಲೆ ಆಕೆಯದು. ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸುಲಿದು ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. ಮಧ್ಯಾಹ್ನ ಊರಿಗೆ ಹೊರಟರು. ಮುಂದಿನ ಕೊಳದ ಹತ್ತಿರ ಗಂಡ ಬೇಗ ಬೇಗ ನಡೆದ, ಆಕೆ ನಿಂತಳು. ಕಿವಿಯವರೆಗೆ ಕೈ ಎತ್ತಿ, ಹಾಗೇ ಕೆಳಗಿಳಿಸಿ, ಮಕ್ಕಳು ನೀರು ಎರಚಾಡುವುದನ್ನು ಪೂರ್ತಿ ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹಿಂಭಾಗವನ್ನು ಮುಚ್ಚಿಬಿಡಲೇ ಎಂದು ಮ್ಯಾನೇಜರು ನನ್ನನ್ನೇ ಕೇಳಿದರು, ಹೆದರಿದ ಗಂಡಸಿಗೆ ಕಸ ಹೊಡೆಯುವವಳ ಬುದ್ಧಿಯೂ ಬುದ್ಧಿಯೇ. ಮುಚ್ಚಬೇಡಿ ಎಂದೆ. ಮಕ್ಕಳ ದನಿ ಸೇರದವರಿರುತ್ತಾರೆ, ಅದನ್ನು ಕೇಳಲಾರದವರೂ ಇರುತ್ತಾರೆ. ಇವರಿಬ್ಬರೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ, ಬೇರೆ ಮಾಡಿ ಹೇಳುವ ಹಲಗೆ ಇನ್ನೂ ಯಾರೂ ಬರೆದಿಲ್ಲ. ಜಾಗ ಇರಲಿ, ಬೇಲಿ ಹಾಕಿಸಿ, ತಿನ್ನುವುದನ್ನು ಹೊರಗೆ ಬಿಡಬೇಡಿ, ದಿನಕ್ಕೊಂದು ಸಲ ಅಲ್ಲಿ ಗದ್ದಲವಾಗಲಿ ಎಂದೆ. ಹಾಗಾಗಿ ಈಗ ಬೆಳಗಾದರೆ ಸದ್ದು ಮಾಡಬೇಡಿ ಎಂಬ ಹಲಗೆಯ ಕೆಳಗೇ ನಿಂತು ನಾನು ಬಕೆಟ್ಟು ಬಡಿಯುತ್ತೇನೆ. ದೂರಿನ ಪುಸ್ತಕದಲ್ಲಿ ನನ್ನ ಬಗ್ಗೆ ಬಹಳ ಬರೆದಿದ್ದಾರಂತೆ. ಒತ್ತಕ್ಷರ ಜಾಸ್ತಿ ಇವೆ, ನಾನು ಓದಲು ಹೋಗಿಲ್ಲ.

ನಿನ್ನೆ ಹಲಗೆ ಒರೆಸುವಾಗ ಕಾಗೆ ಇರಲಿಲ್ಲ. ಬಕೆಟ್ಟು ಬಡಿಯಲು ಕಸಬರಿಗೆ ಎತ್ತಿದವಳು ಕೆಳಗೆ ನೋಡಿದೆ. ಕಡಪಾ ಕಲ್ಲಿನ ಮೇಲೆ ಒದ್ದೆ ಹೆಜ್ಜೆ, ನೀರಿನಿಂದ ಶುರುವಾಗಿ ಹಲಗೆಯವರೆಗೆ ಬಂದು, ಅಲ್ಲಿ ನಿಂತು, ಮುಂದಕ್ಕೆ ಇರಲಿಲ್ಲ. ಚಿಕ್ಕ ಪಾದ. ಮಂಡಿಯೂರಿ ನೋಡಿದೆ. ಹೆಬ್ಬೆರಳು ಒಳಗಡೆ ಇತ್ತು, ಎರಡೂ ಕಾಲಿನದು. ರಾತ್ರಿ ಮುಂದಿನ ಕಡೆ ಮಕ್ಕಳು ಯಾರಾದರೂ ಇಳಿದುಕೊಂಡಿದ್ದರೇ ಎಂದು ಆಫೀಸಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಎತ್ತಿದ ಕಸಬರಿಗೆಯನ್ನು ಕೆಳಗಿಟ್ಟು, ಹಲಗೆಯನ್ನಷ್ಟೇ ಒರೆಸಿ, ನೆಲವನ್ನು ಬಿಸಿಲಿಗೆ ಬಿಟ್ಟೆ.